ಗಾಳಿಯಲ್ಲಿ ಕರಿದದ್ದು

ಮೂವತ್ತೊಂದು ವರ್ಷ ಎಣ್ಣೆಯ ಎದುರು ನಿಂತವಳು ನಾನು.
ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗಾಡಿ, ಸಂಜೆ ನಾಲ್ಕಕ್ಕೆ ಒಲೆ.
ಕೈ ಅದ್ದಿ ಎರಡು ಹನಿ ಚಿಮುಕಿಸಿದರೆ ಸಾಕು,
ಎಣ್ಣೆಯೇ ಹೇಳುತ್ತಿತ್ತು: ಇನ್ನೂ ಇಲ್ಲ. ತಡಿ. ಈಗ.
ಕಣ್ಣು ಗಿರಾಕಿಯ ಮೇಲೆ, ಕೈ ಹಿಟ್ಟಿನಲ್ಲಿ,
ಕಿವಿ ಮಾತ್ರ ಬಾಣಲೆಗೆ ಕೊಟ್ಟದ್ದು.
ಚೊರ್ರೆಂದರೆ ಹಸಿ. ಚಿಟಿಚಿಟಿ ಎಂದರೆ ಅರ್ಧ.
ಜೀರುಂಡೆ ದೂರ ಹೋದ ಹಾಗೆ ಸದ್ದು ಸಣ್ಣಗಾದಾಗ
ಎತ್ತಬೇಕು.

ಸಂಕ್ರಾಂತಿ ಕಳೆದು ಇವರ ಎದೆಗೆ ಎರಡು ಸ್ಟೆಂಟು ಬಿತ್ತು.
ಡಾಕ್ಟರು ನನ್ನ ಮುಂಗೈ ನೋಡಿದರು, ಸುಟ್ಟ ಕಲೆಗಳ ಸಾಲು.
"ಎಂತ ಕೆಲ್ಸ ಮಾಡ್ತೀರಮ್ಮ?"
ಹೇಳಿದೆ.
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ, ಹಾಲೇಶಪ್ಪ, ಕರಿದದ್ದು ಬೇಡ, ಅಂತ ಬರೆದು
ಎರಡು ಸಲ ಅಡಿಗೆರೆ ಎಳೆದರು.

ಇವರು ಒಂದು ದಿನವೂ ಬೇಕು ಅನ್ನಲಿಲ್ಲ.
ರಾತ್ರಿ ನಾನು ಬಂದು ಸೀರೆ ಬದಲಿಸುವ ಮೊದಲು
ಹತ್ತಿರ ನಿಂತು ಒಮ್ಮೆ ಉದ್ದ ಉಸಿರು ಎಳೆಯುತ್ತಿದ್ದರು.
ನನಗೆಂದು ತಿಳಿದು ನಾಚಿಕೊಂಡಿದ್ದೆ ಮೊದಮೊದಲು.
ಸೀರೆಯಲ್ಲಿದ್ದ ಬಜ್ಜಿಗೆ.

ಜಸಿಂತಾ ಟೀಚರ ಚೀಟಿಯಲ್ಲಿ ಶ್ರಾವಣಕ್ಕೊಂದು ಬಹುಮಾನ ಇಟ್ಟಿದ್ದರು.
ಹೆಸರು ಎತ್ತಿದರೆ ನನ್ನದೇ.
ಕಾವಿಗೆ ಕೂತ ಕಪ್ಪು ಕೋಳಿಯ ಹಾಗೊಂದು ಡಬ್ಬ,
ಏರ್ ಫ್ರೈಯರ್.
ತಿಂಗಳೊಪ್ಪತ್ತು ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿದ್ದೆ.
ಗಾಳಿಮಾತು ಕೇಳಿದ್ದೆ, ಗಾಳಿಗೋಪುರ ಕೇಳಿದ್ದೆ,
ಗಾಳಿಯಲ್ಲಿ ಕರಿಯುವುದಂತೆ!

ಪಕ್ಕದ ಮನೆಯ ಶಿಫಾ ಬಂದು ಗುಂಡಿ ತೋರಿಸಿದಳು.
"ನೂರ ಎಂಬತ್ತು, ಇಪ್ಪತ್ತು ನಿಮಿಷ, ಅಷ್ಟೇ ಆಂಟಿ."
ಹೊರಬಂದದ್ದು ಒಣಗಿದ ಸೋಪಿನ ಚೂರು.
ತಿಂದು, ಚೆನ್ನಾಗಿದೆ ಅಂದಳು,
ನೀರು ಕೇಳಿದಳು.

ರೋಷ ಬಂತು ನನಗೆ.
ಈ ಮಿಷನ್ನಿಗೆ ಏನು ಗೊತ್ತು ಗಡ್ಡೆಯ ವಿಷಯ.
ಸಂತೆಗೆ ಹೋಗಿ ಹಾಸನದ ಹೊಸ ಆಲೂಗಡ್ಡೆ ತಂದೆ,
ಉಗುರು ತಾಗಿದರೆ ಸಿಪ್ಪೆ ಏಳುವಂಥದ್ದು.
ಕೋಲ್ಡ್ ಸ್ಟೋರೇಜಿನದು ಕಾದು ಕಾದು ಒಳಗೇ ಸಿಹಿಯಾಗಿರುತ್ತದೆ,
ಬಣ್ಣ ಬೇಗ ಬರುತ್ತದೆ, ಗರಿ ಬರುವುದಿಲ್ಲ.
ಹೆಬ್ಬೆರಳ ಗಾತ್ರ ಹೆಚ್ಚಿ
ಉಪ್ಪು, ಚಿಟಿಕೆ ಸೋಡದ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಸಿದು,
ಮುಚ್ಚಳ ಒತ್ತಿ ಹಿಡಿದು ಪಾತ್ರೆ ಕುಲುಕಿದೆ.
ಮೈಯೆಲ್ಲ ತರಚಿಕೊಂಡವು.
ತರಚಿದ ಕಡೆಯೇ ಗರಿಗರಿ ಹಿಡಿಯುವುದು,
ಇಷ್ಟು ವರ್ಷದ ಕೈಗೆ ಇದು ಗೊತ್ತು.
ಮೇಲಿಂದ ಅಕ್ಕಿಹಿಟ್ಟು ಉದುರಿಸಿ, ಒಂದೇ ಒಂದು ಚಮಚ ಎಣ್ಣೆ.
ಎಣ್ಣೆಯನ್ನು ಚಮಚದಲ್ಲಿ ಅಳೆದದ್ದು ಅದೇ ಮೊದಲು,
ಮಗುವಿಗೆ ಔಷಧಿ ಬಿಟ್ಟ ಹಾಗೆ, ಉಸಿರು ಹಿಡಿದು.

ಬುಟ್ಟಿ ಒಳಗೆ ತಳ್ಳಿದೆ.
ಹೂಂ ಅಂತು. ಒಂದೇ ಶ್ರುತಿ.
ಹಸಿಗೂ ಹೂಂ, ಬೆಂದರೂ ಹೂಂ,
ಮೊಬೈಲು ನೋಡುತ್ತ ಮಾತು ಕೇಳುವವರ ಹಾಗೆ.
ಕಿವಿಗೆ ಕೆಲಸವೇ ಇಲ್ಲ.
ಕೈ ಮಾತ್ರ ತನ್ನಷ್ಟಕ್ಕೆ ನೀರಿನ ಬಟ್ಟಲಿಗೆ ಅದ್ದಿ
ಡಬ್ಬದ ನೆತ್ತಿಯ ಮೇಲೆ ಎರಡು ಹನಿ ಚಿಮುಕಿಸಿತು.
ಇವರು ನೋಡಿಬಿಟ್ಟರು, ನಕ್ಕರು.
ಆಸ್ಪತ್ರೆಯಿಂದ ಬಂದಮೇಲೆ
ಎದೆ ಹಿಡಿದುಕೊಳ್ಳದೆ ನಕ್ಕದ್ದು.

ಟಿಂಗ್.

ಸ್ಟೀಲು ತಟ್ಟೆಗೆ ಸುರಿದೆ, ಕವಡೆ ಉರುಳಿದ ಸದ್ದು.
ಒಂದನ್ನು ಎತ್ತಿ, ಊದದೆ, ಬಾಯಿಗಿಟ್ಟರು.
ಕರ್ರುಂ.
ಬಾಣಲೆಯಿಂದ ಕಾಣೆಯಾದದ್ದು ಇವರ ದವಡೆಯಲ್ಲಿ ಸಿಕ್ಕಿತು ನನಗೆ.
ಕಣ್ಣು ಮುಚ್ಚಿ ಕೇಳುತ್ತ ನಿಂತೆ:
ಇದು ಸರಿಯಾಯಿತು, ಇದು ಒಂದು ನಿಮಿಷ ಹೆಚ್ಚು,
ಇದರ ಒಂದು ಮೂಲೆ ಮೆತ್ತಗೆ.
"ಹೇಗಿದೆ?"
"ಬಜ್ಜಿ ಅಲ್ಲ" ಅಂದರು. ಸುಳ್ಳು ಬಾರದ ಮನುಷ್ಯ.
ತಟ್ಟೆಯನ್ನು ಮಾತ್ರ ತಮ್ಮ ಕಡೆಗೆ ಎಳೆದುಕೊಂಡರು.

ನಾಲ್ಕಕ್ಕೆ ಗಾಡಿ.
ಡಬ್ಬದಿಂದ ಎಣ್ಣೆ ಸುರಿಯುವಾಗ ಕೈ ಒಂದು ಗಳಿಗೆ ತಡೆಯಿತು,
ಆ ಪೆನ್ನಿನ ಹಾಗೆ.
ಬೈಕು ನಿಲ್ಲಿಸಿದ ದಿನದ ಗಿರಾಕಿ,
ಶರ್ಟಿನ ಗುಂಡಿಗಳು ಹೊಟ್ಟೆಯ ಜೊತೆ ಜಗಳಕ್ಕಿದ್ದವು.
"ಅಕ್ಕಾ, ಆರು ಆಲೂ, ಬಿಸಿ ಇರ್ಲಿ."
ಎರಡು ಹನಿ ಚಿಮುಕಿಸಿದೆ.
ಈಗ, ಅಂತು ಎಣ್ಣೆ.
ಮೂರು ಸಾಕು, ಅಂದೆ ನಾನು.