ಮೂರು ಹೆಜ್ಜೆ ಮೂಡಣಕ್ಕೆ

ಹತ್ತನೇ ನಂಬರಿನ ಸಿಗ್ನಲ್ಲು. ಮೈಕು ಹಿಡಿದ ಸೈಕಲ್ಲಿನ ಹುಡುಗ
ಕೂಗಿ ಕೂಗಿ ಗಂಟಲು ಕಟ್ಟಿ
ಕೊನೆಗೆ ಬರೀ ಬೆಲ್ಲು ಬಾರಿಸಿಕೊಂಡು ಹೋದ.

ಮೊರ್ಜಿನಾ ಹೊರಟಿಲ್ಲ ಇನ್ನೂ.
ಒಲೆಯಿಂದ ಮೂರು ಹೆಜ್ಜೆ ಮೂಡಣಕ್ಕೆ
ಮೊಣಕೈ ಆಳ ತೋಡಿ
ಗಡಿಗೆ ಹೂತಳು: ಮಂಡಕ್ಕಿ, ಬೆಂಕಿಪೊಟ್ಟಣ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಕ್ಕುಪತ್ರ,
ಒಂದು ಹಿಡಿ ಸೋರೆಬೀಜ.
ಅತ್ತೆ ಕಲಿಸಿದ್ದು. ಅತ್ತೆಗೆ ಅವಳತ್ತೆ.

ಕಂಬಗಳ ಮೇಲಿನ ಆಸರೆಮನೆಯಲ್ಲಿ
ಎಂಟುನೂರು ಜನರ ಬೆವರಿನ ನಡುವೆ
ರಾತ್ರಿಯಿಡೀ ಅವಳ ಬಾಯಲ್ಲಿ ಅದೇ ಲೆಕ್ಕ:
ಮೂರು ಹೆಜ್ಜೆ, ಮೂಡಣಕ್ಕೆ.

ಬೆಳಗಾಯಿತು. ಮೂಡಣ ಇದ್ದಲ್ಲೇ ಇದೆ,
ಹೆಜ್ಜೆಯಿಡಲು ಕಾಲೂ ಇವೆ.
ಒಲೆ ಇದ್ದಲ್ಲಿ ಮೇಘನಾ ನದಿ,
ಕದಡಿದ ಚಹಾದ ಬಣ್ಣ.

ದೋಣಿಯವ ಕೇಳಿದ: ಎಲ್ಲಿ ನಿಲ್ಲಿಸಲಿ?
ಅವಳು ಸೆರಗು ಹಿಂಡುತ್ತ
ಇನ್ನೊಂಚೂರು ಮುಂದೆ, ಎಂದಳು.
ಇಲ್ಲ, ಇನ್ನೊಂಚೂರು.