ಅನುವಾದಕ್ಕೆ ಎರಡು ಸಾವಿರ

ಪಣಜಿಯ ಹಳೇ ಕಚೇರಿ, ಮಾಂಡೋವಿಯ ದಂಡೆ.
ಗೋಡೆಗೆ ಮೊಳೆ ಹೊಡೆದು ಕೌದಿ ನೇತುಹಾಕಿದ್ದಾರೆ,
ಕೆಳಗೊಂದು ಚೀಟಿ: ಮುಟ್ಟಬಾರದು.
ಹೊಲಿದವಳು, ಕತರಿನಾ ಬಸ್ತ್ಯಾಂವ ಸಿದ್ದಿ,
ಬೆತ್ತದ ಕುರ್ಚಿಯ ತುದಿಗೆ ಕೂತು
ಚೀಟಿಯಲ್ಲೇನಿದೆ ಅಂತ ಕೇಳಿದಳು.
‘ನಿನ್ನ ಹೆಸರು’ ಅಂದೆ.
ಅದು ಆ ದಿನದ ಮೊದಲ ಸುಳ್ಳು.

ಮೈಕು ಕೆಮ್ಮಿತು. ವಿಷಯ: ರೇಸ್, ನ್ಯಾಯ, ಕಲೆ.
ರೇಸ್ ಎಂಬುದಕ್ಕೆ ನನ್ನ ಚೀಲದಲ್ಲಿ ಮಾತಿರಲಿಲ್ಲ.
ಜನಾಂಗ ಅಂದರೆ ಪಠ್ಯಪುಸ್ತಕ,
ಬಣ್ಣ ಅಂದರೆ ಗೋಡೆಗೆ ಬಳಿಯುವುದು.
ಕೊನೆಗೆ ‘ಜಾತಿ’ ಅಂದೆ.
‘ಹಂಗಾದ್ರೆ ಗೊತ್ತದೆ’ ಅಂದಳು, ಸೆರಗು ಸರಿಮಾಡಿಕೊಂಡು.

ಮುಂದಿನ ಸಾಲಿನ ಲಿನನ್ ಅಂಗಿ ಎದ್ದು
‘ಗೋವಾಕ್ಕೆ ಇದು ಮೊದಲ ಸಲವಾ?’ ಎಂದಿತು, ಪ್ರೀತಿಯಿಂದಲೇ.
ಕಿಟಕಿಯಾಚೆಯ ಕ್ಯಾಸಿನೋ ಹಡಗು ನೋಡುತ್ತ
ನನ್ನನ್ನು ಕಾಯದೆ ಅವಳು ಕೊಂಕಣಿಯಲ್ಲೇ ಹೇಳಿದಳು:
ನಮ್ಮಜ್ಜಿಯ ಅಜ್ಜಿಯನ್ನು ಇಂಥದೇ ದಕ್ಕೆಯಲ್ಲಿ ಇಳಿಸಿದ್ದಂತೆ,
ಹಲ್ಲು ಎಣಿಸಿದ್ದೂ ಇಲ್ಲೇ ಎಲ್ಲೋ.
ಒಂದು ರಾತ್ರಿ ಘಟ್ಟ ಹತ್ತಿ ಓಡಿದಳಂತೆ.
ಮೊದಲ ಸಲ ಅಲ್ಲ ಬಾಬ್, ತಿರುಗಿ ಬಂದದ್ದು,
ಈ ಸಲ ಟಿಕೀಟು ತೆಗೆಸಿ.

ಸಭೆ ನಕ್ಕಿತು. ನಡುವೆಯೇ ನಿಂತಿತು.

ಅವಳೆದ್ದು ಹೋಗಿ ಕೌದಿಗೆ ಕೈ ಹಚ್ಚಿದಳು.
ಕಾವಲಿನವ ಒಂದು ಹೆಜ್ಜೆ ಮುಂದೆ ಬಂದ.
ಇದು ಗಂಡನ ಲುಂಗಿ.
ಇದು ಪೋರಿಯ ಯುನಿಫಾರ್ಮು, ಎಂಟಕ್ಕೇ ಬಿಟ್ಟಳು.
ಈ ನೀಲಿ ಯಾರದೋ, ಸಂತೆಯಲ್ಲಿ ತಂದದ್ದು.
ಮೂಲೆಗೆ ಹೂ ಇಡದಿದ್ದರೆ ಕೌದಿ ಬೆತ್ತಲೆ,
ಬೆತ್ತಲೆಯದನ್ನು ನಾವು ಮನೆಯಿಂದಾಚೆ ಕಳಿಸುವುದಿಲ್ಲ.
‘ಇದರ ಅರ್ಥ?’ ಎಂದಿತು ಇನ್ನೊಂದು ಕುರ್ಚಿ.
‘ಚಳಿ’ ಅಂದಳು.

ಆಮೇಲೆ ಮಾಸಿದ ಬಿಳಿ ತುಂಡೊಂದರ ಮೇಲೆ ಬೆರಳಿಟ್ಟು
ಕನ್ನಡಕ್ಕೆ ಹೊರಳಿದಳು, ನನ್ನ ಕಡೆಗೆ:
‘ಇದು ಒಡೇರ ಧೋತ್ರ. ಕೂಲಿ ಬದಲು ಕೊಟ್ರು.
ಅಂಗಳದಾಗೆ ನಿಂತು ಸೆರಗು ಒಡ್ಡಿದೆ, ಮೇಲಿಂದ ಒಗೆದ್ರು.
ಅವ್ರೂ ನಿನ್ನಂಗೇ ಮಾತಾಡ್ತಿದ್ರು,
ಇಷ್ಟೇ ಚಂದ ಕನ್ನಡ.’

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಆಗ ತುಂಬ ಕಷ್ಟವಿತ್ತು.
ಚಪ್ಪಾಳೆ.

ವಾಸ್ಕೋದ ರಸ್ತೆಗೆ ಡಾಂಬರು ಹೊತ್ತ ನಮ್ಮವ್ವನನ್ನು
ಈ ಸೀಮೆ ಘಾಂಟಿ ಅಂತ ಕರೆದದ್ದು ನಾನು ಮರೆತಿಲ್ಲ.
ಇಂಥ ಸಭೆಗಳಲ್ಲಿ ಅದನ್ನು ಚೆನ್ನಾಗಿ ಹೇಳುತ್ತೇನೆ,
ಎಲ್ಲಿ ಉಸಿರು ಹಿಡಿಯಬೇಕೆಂದೂ ಗೊತ್ತು.
ಅದೇ ಅವ್ವ ಬಾದಾಮಿಯ ಹಿತ್ತಲಲ್ಲಿ
ಗೋಡೆಯ ಸಂದಿಗೆ ಸಿಗಿಸಿಡುತ್ತಿದ್ದ ಬೇರೆ ಲೋಟ
ಯಾವ ಸಭೆಗೂ ಬಂದಿಲ್ಲ.

ಕದಂಬ ಸ್ಟ್ಯಾಂಡು. ಹುಬ್ಬಳ್ಳಿ ಬಸ್ಸು ನಡುಗುತ್ತ ನಿಂತಿದೆ.
‘ಎಲ್ಲಾ ಹೇಳಿದ್ಯಾ?’ ಕಿಟಕಿಯಿಂದ ಕೇಳಿದಳು.
ತಲೆಯಾಡಿಸಿದೆ,
ಹೌದಿಗೂ ಇಲ್ಲಕ್ಕೂ ಒಂದೇ ಥರ.

‘ಆ ಚೀಟಿ ಓದೂಕೆ ಬರ್ತದೆ ನಂಗೆ’ ಅಂದಳು.
‘ಪೋರಿ ಕಲಿಸಿದ್ಳು.’

ಕಂಡಕ್ಟರ್ ಬಾಗಿಲು ಎರಡು ಸಲ ಬಡಿದ.