ಮೂರನೇ ಪದರು

ಕಪನೂರ ಇಂಡಸ್ಟ್ರಿ ಏರಿಯಾದಾಗ, ಬ್ಯಾಳಿ ಮಿಲ್ಲಿನ ಧೂಳು ದಾಟಿದ್ರ
ತಗಡಿನ ಶೆಡ್ಡು. ಭಟ್ಟಿ ತಣ್ಣಗಾಗಿ ಎರಡು ದಿನ.
ನಾ ಅದರೊಳಗ ಎದಿಮಟ ನಿಂತೀನಿ,
ಕೈಯಾಗ ಬ್ರೇಕರ್.

ಈ ಭಟ್ಟಿಗೆ ಒಳಗ್ವಾಡಿ ಕಟ್ಟಿದವ ಲಾಡ್ಲೇಸಾಬ.
ಆಳಂದದ ದರ್ಗಾಕ್ಕ ಹರಕಿ ಹೊತ್ತು ಹುಟ್ಟಿದ ಮಗ, ಅದಕ್ಕ ಆ ಹೆಸರು.
ಕಬ್ಬಿಣ ಸುರುವೋ ಲೇಡಲ್ಲಿಗೂ ನನಗೂ ಒಂದೇ ಹೆಸರಿಟ್ಟಾರ ಅಂತ
ಹೊಸಬರಿಗೆಲ್ಲ ಹೇಳಿ ತಾನೇ ಮೊದಲು ನಗಾವ.

ಬಿಳಿ ಕಲ್ಲಿನ ಪುಡಿ, ಸಕ್ಕರಿಯಷ್ಟು ದಪ್ಪ ಒಂದಿಷ್ಟು,
ಜ್ವಾಳದ ಹಿಟ್ಟಿನಷ್ಟು ಸಣ್ಣ ಒಂದಿಷ್ಟು,
ಅದಕ್ಕ ಬೋರಿಕ್, ಕೇರಂ ಬೋರ್ಡಿಗೆ ಉದುರಸ್ತಾರಲ್ಲ, ಅದೇ,
ನೂರು ಕಿಲೋಕ್ಕ ಒಂದು ಕಿಲೋ, ಮ್ಯಾಲೊಂದು ಚಿಟಿಕಿ ಅವನ ಅಂದಾಜು.
ನೀರಿನ ಹನಿ ಬೀಳಬಾರದು.
ಮೇ ತಿಂಗಳ ಬಿಸಲಾಗ ಹಣಿ ಬೆವರು ಸೈತ ಬೀಳಬಾರದು,
ತಲಿಗೆ ಎರಡು ಟಾವೆಲ್.
ನಾಕು ಬೆರಳು ಪುಡಿ ಹಾಕು, ಫೋರ್ಕಿಲೆ ಚುಚ್ಚು, ಸುತ್ತ ತಿರುಗು, ಮತ್ತ ಚುಚ್ಚು,
ಗಾಳಿ ಹೊರಗ ಬರೋತನಕ.
ಎಣಕಿ ಕನ್ನಡದಾಗ ಶುರು ಆಗಿ
ನಲವತ್ತರ ಸುಮಾರಿಗೆ ಉರ್ದುಕ್ಕ ಹೊಳ್ಳತಿತ್ತು.
ಒಂದು ಕೂದಲು ಬಿದ್ದರೂ ಬೈತಿದ್ದ:
"ಕಸ ಸುಟ್ಟ ಜಾಗಾ ತೂತು. ತೂತಿನ ಹಿಂದ ತಾಮ್ರದ ಕೊಳವಿ,
ಕೊಳವ್ಯಾಗ ನೀರು. ಕಬ್ಬಿಣಕ್ಕ ನೀರು ಸಿಕ್ರ
ಈ ಶೆಡ್ಡಿನ ತಗಡು ಶಹಾಬಾದಿನಾಗ ಹುಡುಕಬೇಕು, ಮಗನ."

ಇನ್ನೂರ ಹನ್ನೊಂದು ಹೀಟ್ ತಾಳಿತು.
ಬ್ಯಾಳಿ ಮಿಲ್ಲಿನ ಗಾಲಿ, ಬೋರಿನ ಪಂಪು, ಗಟಾರದ ಮುಚ್ಚಳ,
ಎಲ್ಲಾ ಇದರ ಹೊಟ್ಟ್ಯಾಗಿಂದ.
ಮೊನ್ನೆ ಮೀಟರಿನ ಮುಳ್ಳು ಅಲ್ಲಾಡಿತು.
"ಇನ್ನೊಂದೇ ಹೀಟ್" ಅಂದ ಸೇಠ.
ಇದ್ದ ಕಬ್ಬಿಣ ಸುರುವಿ, ಕರೆಂಟು ಬಂದ್ ಮಾಡಿ, ಚಹಾಕ್ಕ ಹೋದೆ.

ಈಗ ಒಡೀತೀನಿ.
ಮೊದಲನೇ ಪದರು ಗಾಜು, ಕರ್ರಗ, ಬ್ರೇಕರ್ ಮೂತಿ ಜಾರತದ.
ಎರಡನೇದು ಹಳೇ ಬೆಲ್ಲದಂಗ, ಹೆಂಟಿ ಹೆಂಟಿ.
ಮೂರನೇದು ಪುಡಿ.
ಹಾಕಿದ ದಿನ ಹೆಂಗಿತ್ತೋ ಹಂಗ,
ಮುಟ್ಟಿದ್ರ ಬೆರಳ ಸಂದ್ಯಾಗಿಂದ ಸುರೀತದ.
"ಇದು ಗಟ್ಟಿ ಆತಂದ್ರ ಭಟ್ಟಿ ಮುಗೀತು" ಅಂತಿದ್ದ,
"ಗಟ್ಟಿ ಇದ್ದದ್ದು ಸೀಳತದ. ಪುಡಿ ಏನ ಸೀಳೀತು?"

ಆ ಪುಡಿಯಾಗ, ಕೊಳವಿ ಮಗ್ಗಲಿಗೆ, ಒಂದು ಬೀಡಿ.
ಇಡೀ ಬೀಡಿ. ಕೆಂಪು ದಾರ ಸೈತ.
ಎಲಿ ಒಂಚೂರು ಕಂದ್ಯದ, ಅಷ್ಟ.
ಹದಿನಾರುನೂರು ಡಿಗ್ರಿ ಅಂಗೈ ಅಗಲದಾಚೆ ಕುದೀತಿತ್ತು.
ಅವತ್ತು ಕಿವಿ ಹಿಂದ ಕೈ ಹಾಕಿ ಹಾಕಿ ನೋಡಿ
ನನಗ ಕಳ್ಳ ಅಂದಿದ್ದ.

ಸಂಜಿಗೆ ಮೋಮಿನಪುರಕ್ಕ ಹೋದೆ.
ಎದಿ ಫೋಟೋ ಕಿಟಕ್ಯಾಗ ಸಿಗಿಸಿದ್ರು, ಹಿಂದ ಬೆಳಕು,
ಒಳಗ ಬಿಳಿ ಬಿಳಿ ಚುಕ್ಕಿ.
ಸೇದಬಾರದು ಅಂತ ಡಾಕ್ಟರ್ ಹೇಳಿ ವರ್ಷಾತು.
ಬೀಡಿ ಅವನ ಅಂಗೈ ಮ್ಯಾಲ ಇಟ್ಟೆ. ಮೂಸಿದ. ಭಾಳ ಹೊತ್ತು ಕೆಮ್ಮಿದ.
ಆಮ್ಯಾಲ ಬೈದ, ತನಗ ತಾನೇ,
ಕೂದಲು ಬಿದ್ದಾಗ ಬೈದಷ್ಟೇ ಜೋರು.

"ಎಷ್ಟು ಹೀಟ್ ಅಂದಿ?"
ಇನ್ನೂರ ಹನ್ನೊಂದು.
ಬೀಡಿ ಕಿವಿ ಹಿಂದ ಸಿಗಿಸಿಕೊಂಡ.